ಗದ್ದೆಯೊಳಗೆ ಚಪ್ಪಲಿ

ಅವರ್ಸಾದ ಬೀರಿಯಷ್ಟು ಹಟದ ಹೆಂಗಸನ್ನು ನಾನು ಕಂಡಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಹರಿವೆ ಬೆಳೆದು, ತಲೆಯ ಮೇಲೆ ಹೊತ್ತು ಅಂಕೋಲೆಯಲ್ಲಿ ಮಾರುತ್ತಿದ್ದಳು. ಅರವತ್ತಾದರೂ ಕಾಲಿಗೆ ಚಪ್ಪಲಿ ಹಾಕಿದವಳಲ್ಲ. ಗದ್ದೆ ತಾಯಿ, ಚಪ್ಪಲಿ ಮೆಟ್ಟಿ ಇಳಿಯಬಾರದು ಎಂಬುದು ಅವಳ ಕಟ್ಟಪ್ಪಣೆ.

ತಾಯಿಯಿಲ್ಲದ ಮೊಮ್ಮಗಳು ಸುಮಿತಾ ನನ್ನ ಮೂರನೇ ತರಗತಿಯಲ್ಲಿದ್ದಳು. 2004ರ ದೀಪಾವಳಿ ಕಳೆದ ಮೇಲೆ ಅವಳಿಗೆ ನಾಲ್ಕು ಹೆಜ್ಜೆ ಓಡಿದರೂ ಏದುಸಿರು. ಮೈಗಳ್ಳಿ ಎಂದು ನಾನೇ ಗದರಿಸಿದ್ದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಬೀರಿಗೆ ಮಾತ್ರ ಕಾರಣ ಗೊತ್ತಿತ್ತು. ಹುಡುಗಿ ಒಂದು ದಿನ ಚಪ್ಪಲಿ ಸಮೇತ ಗದ್ದೆಗೆ ಇಳಿದಿದ್ದಳಂತೆ.

"ತಾಯಿಗೆ ಸಿಟ್ಟು ಬಂದದೆ ಅಕ್ಕೋರೆ. ತಪ್ಪು ಕಳೀಲಿ ಅಂತ ದಿನಾ ಬರಿಗಾಲಲ್ಲೇ ನೀರು ಹಾಕುಕೆ ಹಚ್ಚಿದ್ದೆ."

ಎರಡು ತಿಂಗಳು ಸುಮಿತಾ ಹಾಗೇ ನೀರು ಹಾಕಿದಳು. ಆಮೇಲೆ ಮುಖ, ಕಾಲು ಊದಿಕೊಂಡು ಪ್ರಾರ್ಥನೆಯ ಹೊತ್ತಿಗೆ ಕುಸಿದುಬಿದ್ದಳು. ನಾನೇ ಇಬ್ಬರನ್ನೂ ಕಾರವಾರಕ್ಕೆ ಕರೆದೊಯ್ದೆ.

ಕೊಕ್ಕೆಹುಳ ಎಂದರು ಡಾಕ್ಟರು. ಜನ ಬಯಲುಕಡೆಗೆ ಹೋಗುವ ಗದ್ದೆಯಂಚಿನ ಮಣ್ಣಿನಲ್ಲಿ ಅದರ ಮರಿಗಳಿರುತ್ತವೆ. ಅಂಗಾಲಿನಿಂದ ಹೊಕ್ಕು, ಕರುಳು ಸೇರಿ ರಕ್ತ ಹೀರುತ್ತವೆ. ಉಳಿದ ನೀರಿನಂಥ ರಕ್ತವನ್ನೇ ತಳ್ಳಿ ತಳ್ಳಿ ಮಗುವಿನ ಹೃದಯ ಹಿಗ್ಗಿದೆ. ರಕ್ತ, ಔಷಧಿ ಕೊಟ್ಟರೆ ಸುಧಾರಿಸಬಹುದು, ಆದರೆ ಹುಳ ಮತ್ತೆ ಹೊಕ್ಕರೆ ಈ ಹೃದಯ ತಡೆಯುವುದು ಕಷ್ಟ.

"ಕಾಲಿಂದನಾ?" ಎಂದಷ್ಟೇ ಕೇಳಿದಳು ಬೀರಿ. ಅವಳ ಮುಖ ನೋಡಲಾಗದೆ ನಾನು ಹೊರಗೆ ಬಂದೆ.

ಮೂರು ವಾರದ ಮೇಲೆ ಮನೆಗೆ ಬಂದರು. ಮನೆಯ ದಾರಿ ಗದ್ದೆಯ ನಡುವೆಯೇ. ಸುಮಿತಾ ಗದ್ದೆಯ ಬದುವಿನ ಮೇಲೆ ಹೊಸ ಚಪ್ಪಲಿ ಕಳಚಿಟ್ಟಳು.

"ಹಾಕ್ಕಂಡು ಹೋದ್ರೆ ಮತ್ತೆ ಉಸಿರು ಕಟ್ಟತದೆ ಅಜ್ಜಿ."

ಬೀರಿ ಗದರಿದಳು, ಬೇಡಿಕೊಂಡಳು, ಅತ್ತಳು. ಹುಡುಗಿ ಒಪ್ಪಲಿಲ್ಲ. ಕೊನೆಗೆ ಎತ್ತಿಕೊಂಡೇ ದಾಟಿಸಿದಳು.

ಮರುದಿನ ನಾನು ಹೋದಾಗ ಬೀರಿಯ ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ. ಎರಡು ಕೊಡ ಹಿಡಿದು, ಹೊಸದಾಗಿ ನಡೆಯಲು ಕಲಿತ ಮಗುವಿನಂತೆ ತಡವರಿಸುತ್ತ ಹರಿವೆಗೆ ನೀರು ಹಾಕುತ್ತಿದ್ದಳು. ಸುಮಿತಾ ಬದುವಿನ ಮೇಲೆ ಕೂತು, ಉಸಿರು ಕಟ್ಟುತ್ತದೋ ಎಂದು ಅಜ್ಜಿಯ ಎದೆಯನ್ನೇ ದಿಟ್ಟಿಸುತ್ತಿದ್ದಳು. ಹುಡುಗಿಯ ಹತ್ತಿರ ಬಂದಾಗಲೆಲ್ಲ ಬೀರಿ ತುಟಿ ಬಿಗಿದು ಉಸಿರು ಹಿಡಿಯುವಳು. ಬಾವಿಯ ಹತ್ತಿರ ಬಂದು, ಬೆನ್ನು ತಿರುಗಿಸಿ, ತೆಂಗಿನ ಮರಕ್ಕೆ ಕೈಯಾನಿಸಿ ಏದುಸಿರು ಬಿಡುವಳು.

"ಹುಡ್ಗಿ ಮುಂದೆ ಹೇಳಬೇಡಿ ಅಕ್ಕೋರೆ," ಎಂದು ಮತ್ತೆ ಕೊಡ ತುಂಬಿದಳು.

ಸುಮಿತಾ ಒಂದು ಚಪ್ಪಲಿ ಮೆಟ್ಟಿಕೊಂಡಿದ್ದಳು. ಇನ್ನೊಂದು ಅವಳ ಕೈಯಲ್ಲೇ ಇತ್ತು.