ಯಾರೋ ಹಾಕಿಹೋದ ನಂಪೈ

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕನಾಗಿ ಹೋದವನ ಕೇಸರಿಬಾತಿನಲ್ಲಿ ದ್ರಾಕ್ಷಿ, ಗೋಡಂಬಿ ತುಸು ಹೆಚ್ಚೇ ಇರುತ್ತವೆ. ವರ್ಷವರ್ಷವೂ ಗಮನಿಸಿ ಹೇಳುತ್ತಿದ್ದೇನೆ. ನಂಜನಗೂಡಿನ ನಮ್ಮ ಕಾಲೇಜಿನಲ್ಲಿ ಗಣಿತ ಹೇಳುವ ನನ್ನನ್ನು ಕಾಫಿ ಆಯಿತೇ ಎಂದು ಕೇಳುವವರಿಲ್ಲ. ಅದೇ ನಾನು ಬಸ್ಸು ಹತ್ತಿ ತಿ. ನರಸೀಪುರದಲ್ಲಿ ಇಳಿದರೆ ನಾನು ಕೂರುವ ಕುರ್ಚಿಯನ್ನು ಒರೆಸುತ್ತಾರೆ, ಫ್ಯಾನನ್ನು ನನ್ನ ಕಡೆಗೇ ತಿರುಗಿಸುತ್ತಾರೆ. ಇಂಥ ಸತ್ಕಾರದಲ್ಲಿ ತಿಂದದ್ದೆಲ್ಲ ಅರಗಿದೆ. ಒಂದು ತಟ್ಟೆ ಕೇಸರಿಬಾತ್ ಮಾತ್ರ ಇನ್ನೂ ಗಂಟಲಲ್ಲೇ ಇದೆ. ಅದರ ಕತೆ ಹೇಳಲು ನಾಚಿಕೆಯಾಗುತ್ತದೆ.

ಈಗ ನಾವು ಗಣಿತವನ್ನೂ ಕಂಪ್ಯೂಟರಿನಲ್ಲೇ ಮಾಡಿಸುತ್ತೇವೆ. ಪೈಥಾನ್ ಎಂಬ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಲೆಕ್ಕ ಬಿಡಿಸುತ್ತದೆ, ಗ್ರಾಫ್ ಎಳೆಯುತ್ತದೆ. ಲೆಕ್ಕಕ್ಕೆ ನಂಪೈ ಎಂಬ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡಿನ ಕಟ್ಟು; ಗ್ರಾಫಿಗೆ ಇನ್ನೊಂದು. ಆ ಇನ್ನೊಂದು ಈ ನಂಪೈಯನ್ನೇ ನಂಬಿಕೊಂಡಿರುತ್ತದೆ. ಲಿನಕ್ಸ್ ಕಂಪ್ಯೂಟರಿಗೆ ಇವನ್ನು ತುಂಬಲು ಎರಡು ದಾರಿ. ಪ್ಯಾಕೇಜು ತರಿಸಿಕೊಳ್ಳುವುದು ಅಂಗಡಿಯ ಹುಳಿಪುಡಿ ಇದ್ದ ಹಾಗೆ: ಒಂದಕ್ಕೊಂದು ಹೊಂದುತ್ತದೆಯೇ ಎಂದು ಯಾರೋ ನೋಡಿಯೇ ಕಟ್ಟಿರುತ್ತಾರೆ. ಇನ್ನೊಂದು, ಮೂಲದ ಕೋಡ್ ತಂದು ನಮ್ಮಲ್ಲೇ ಕಂಪೈಲ್ ಮಾಡುವುದು. ಅಂದರೆ ಮೆಣಸಿನಕಾಯಿ, ಕೊತ್ತಂಬರಿ ಹುರಿದು ಮಿಲ್ಲಿಗೆ ಹೊತ್ತುಕೊಂಡು ಹೋಗುವ ಪಂಗಡ. ನಾನು ಆ ಪಂಗಡದವನು. ಇದರಲ್ಲಿ ರುಚಿಗಿಂತ ಜಂಬ ಹೆಚ್ಚು ಎಂದು ನನ್ನ ಹೆಂಡತಿಯ ಅಭಿಪ್ರಾಯ. ಅವಳು ಹೇಳಿದ್ದು ಹುಳಿಪುಡಿಯ ವಿಷಯ.

ತೊಂದರೆ ಎಲ್ಲಿ ಎಂದರೆ, ಒಂದೇ ಹೆಸರಿನ ಡಬ್ಬಿ ಅಡುಗೆಮನೆಯಲ್ಲಿ ಎರಡಾಗುತ್ತವೆ. ಪೈಥಾನ್ ಯಾವುದು ಮೊದಲು ಕೈಗೆ ಸಿಕ್ಕಿತೋ ಅದನ್ನೇ ತೆಗೆಯುತ್ತದೆ, ಮತ್ತು ನಾವು ಕೈಯಾರೆ ಹಾಕಿದ್ದೇ ಮೊದಲು ಸಿಗುತ್ತದೆ. ಪ್ಯಾಕೇಜಿನಿಂದ ಬಂದ ಗ್ರಾಫಿನ ಲೈಬ್ರರಿಗೆ ಅದು ಒಗ್ಗುವುದಿಲ್ಲ. 'ನಾನು ಬಾಳಿಕೊಂಡು ಬಂದ ನಂಪೈ ಇದಲ್ಲ' ಎಂದು ಅದು ಮುನಿಸಿಕೊಂಡು ಪರದೆಯ ತುಂಬ ಕೆಂಪಗೆ ಬಯ್ಯುತ್ತದೆ. ಇದನ್ನೆಲ್ಲ ನಾನು ತರಗತಿಯಲ್ಲಿ ಬಲು ಚೆನ್ನಾಗಿ ಪಾಠ ಮಾಡುತ್ತೇನೆ ಅನ್ನುವುದು ನನ್ನ ಅವಮಾನದ ಇನ್ನೊಂದು ಮುಖ.

ಆ ದಿನ ನರಸೀಪುರದ ಕಾಲೇಜಿನಲ್ಲಿ ಪರೀಕ್ಷೆಗೆ ಹನ್ನೆರಡು ಜನರ ಬ್ಯಾಚು. ಚೀಟಿ ಎತ್ತಿ ಯಾರಿಗೆ ಯಾವ ಕಂಪ್ಯೂಟರು ಎಂದು ನಿರ್ಧಾರವಾಯಿತು. ಅಲ್ಲಿಯ ಅಧ್ಯಾಪಕಿ ನಾಗಮಣಿ ಮೇಡಂ ನನ್ನ ಜೊತೆ ಒಳಗಿನ ಪರೀಕ್ಷಕರು. ಮುಡುಕುತೊರೆ ಕಡೆಯಿಂದ ಬರುವ ರಕ್ಷಿತಾ ಎಂಬ ಹುಡುಗಿಗೆ ಕಿಟಕಿ ಪಕ್ಕದ ಕಂಪ್ಯೂಟರು ಬಂತು. ಹನ್ನೊಂದು ಜನರ ಗ್ರಾಫು ಬಂತು. ಅವಳದು ಬರಲಿಲ್ಲ, ಕೆಂಪು ಅಕ್ಷರ ಬಂತು.

"ಮನೇಲಿ ಓಡ್ತದೆ ಸಾ," ಅಂದಳು.

"ಎಲ್ಲರ ಮನೇಲೂ ಓಡ್ತದಮ್ಮ! ಇಲ್ಲಿ ಓಡ್ಬೇಕು. ಉರು ಹೊಡ್ಕಂಡು ಬಂದ್ರೆ ಹಿಂಗೇ ಆಗೋದು," ಅಂದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಸಾಮಾನ್ಯ ಮನುಷ್ಯ. ಹೊಟ್ಟೆಯಲ್ಲಿ ಕೇಸರಿಬಾತ್, ತಲೆಯ ಮೇಲೆ ಫ್ಯಾನು. ಇಡೀ ಲ್ಯಾಬಿಗೆ ಕೇಳುವಂತೆ, ಬಸ್ಸು ಹತ್ತಿ ಬಂದು ಹೋಗುವುದೇ ಓದಲ್ಲ ಎಂದೂ ಹೇಳಿದೆ. ಅಂಕಪಟ್ಟಿಯಲ್ಲಿ ಫಲಿತಾಂಶದ ಕಾಲಂಗೆ ಸೊನ್ನೆ ಬರೆದೆ. ಆ ಸೊನ್ನೆ ನಿಂತರೆ ಅವಳು ಫೇಲು. ಅವಳ ಕಣ್ಣು ತುಂಬಿತು. ನಾಗಮಣಿ ಮೇಡಂ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು.

ತಪ್ಪು ಎಲ್ಲಿದೆ ಎಂದು ತೋರಿಸಿ ಇನ್ನೊಂದು ಸುತ್ತು ಬಯ್ಯೋಣವೆಂದು ನಾನೇ ಕೂತೆ. ಅವಳ ಪ್ರೋಗ್ರಾಮಿನಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಅನುಮಾನ ಬಂತು. ನಿನಗೆ ಈ ನಂಪೈ ಎಲ್ಲಿಂದ ಸಿಕ್ಕಿತು ಎಂದು ಪೈಥಾನನ್ನೇ ಕೇಳಿದೆ. ಅದಕ್ಕೆ ಮುಲಾಜಿಲ್ಲ, ದಾರಿಯನ್ನು ಪೂರ್ತಿ ಹೇಳಿತು. ಪ್ಯಾಕೇಜಿನದಲ್ಲ, ಯಾರೋ ಕೈಯಾರೆ ಕಂಪೈಲ್ ಮಾಡಿದ್ದು. ಹುಡುಕಿಕೊಂಡು ಹೋದರೆ ಆ ಮೂಲ ಕೋಡಿನ ಫೋಲ್ಡರೂ ಸಿಕ್ಕಿತು. ಅದರ ಮೇಲೆ ನನ್ನ ಹೆಸರಿತ್ತು.

ಸೋಮನಾಥಪುರದ ದೇವಸ್ಥಾನದಲ್ಲಿ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಮೂರು ವರ್ಷದ ಹಿಂದೆ ಇದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದಾಗ ಮಕ್ಕಳಿಗೆ ಅದನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಮಾಡಿದ ಕೆಲಸಕ್ಕೆ ಹೆಸರು ಹಾಕುವುದು ಎಷ್ಟು ದೊಡ್ಡ ಗುಣ ಎಂದು ಭಾಷಣವನ್ನೂ ಮಾಡಿದ್ದೆ. ಅದೇ ವಾರ ಈ ಕಂಪ್ಯೂಟರಿಗೆ ನನ್ನ ಕೈಯಡುಗೆಯ ನಂಪೈ ಹಾಕಿ, ಹೆಸರನ್ನೂ ಕೊರೆದು, ನಂಜನಗೂಡಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟುಬಿಟ್ಟಿದ್ದೆ. ಗ್ರಾಫ್ ಬರುತ್ತದೆಯೇ ಎಂದು ನೋಡಿರಲಿಲ್ಲ. ಶಿಲ್ಪಿಗಳಾದರೋ ವಿಗ್ರಹಕ್ಕೆ ಮೂಗು ಇದೆಯೇ ಎಂದು ನೋಡಿಯೇ ಹೆಸರು ಬರೆದಿರಬೇಕು.

ನಾಗಮಣಿ ಮೇಡಂ ಬಂದು ಅಳಿಸಲು ಬೇಕಾದ ಪಾಸ್‌ವರ್ಡ್ ಒತ್ತಿದರು. ನನ್ನ ನಂಪೈಯನ್ನು ಅಳಿಸಿದೆ. ಒಡನೆಯೇ ಗ್ರಾಫು ಮುಗುಳುನಗುತ್ತ ಬಂತು. "ಸಾ ಕೈ ಇಟ್ಟೇಟ್ಗೆ ಸರೋಯ್ತು ನೋಡ್ಲಾ!" ಎಂದು ಹಿಂದೆ ಯಾರೋ ಅಂದರು.

"ಏನಾಗಿತ್ತು ಸಾರ್?" ಎಂದರು ಮೇಡಂ.

"ಯಾರೋ ಏನೋ ಹಾಕಿಬಿಟ್ಟಿದ್ದಾರೆ ಮೇಡಂ," ಅಂದೆ.

ಅದು ನನ್ನ ಬಾಯಿಂದಲೇ ಬಂತು. ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ, ಕಾರಣ 'ಯಂತ್ರದ ದೋಷ' ಎಂದು ಬರೆದೆ, ಇಬ್ಬರೂ ಸಹಿ ಮಾಡಿದೆವು. ಅಂಕದ ತಿದ್ದುಪಡಿಗೆ ಜಾಗವಿತ್ತು. ಬೈಗುಳದ ತಿದ್ದುಪಡಿಗೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಹೊರಡುವಾಗ ಆ ಹುಡುಗಿ "ಥ್ಯಾಂಕ್ಸ್ ಸಾ" ಎಂದು ಕೈ ಮುಗಿದಳು. ಥೂ, ನಾನು ಅದನ್ನೂ ಇಸಿದುಕೊಂಡೆ, ಪರವಾಗಿಲ್ಲಮ್ಮ ಎಂದೆ.

ಹತ್ತು ದಿನ ತಡೆದುಕೊಂಡೆ. ನಂಜನಗೂಡಿನಲ್ಲಿ ಕಪಿಲೆಯನ್ನು ನೋಡಿದಾಗಲೆಲ್ಲ, ಈ ನೀರು ನಾಳೆ ನರಸೀಪುರಕ್ಕೆ ಹೋಗುತ್ತದೆ, ನಾನು ಹೋಗಲಾರೆ ಅನ್ನಿಸುತ್ತಿತ್ತು. ಕೊನೆಗೆ ಇನ್ನೊಂದು ಬ್ಯಾಚಿನ ಪರೀಕ್ಷೆಯ ನೆಪದಲ್ಲಿ ಹೋದೆ. ಲ್ಯಾಬಿನ ಹೊರಗೆ ರಕ್ಷಿತಾ ಸಿಕ್ಕಳು. ಹನ್ನೆರಡು ಜನರ ಮುಂದೆ ಬೈದವನು, ತಪ್ಪೊಪ್ಪಿಕೊಳ್ಳಲು ಯಾರೂ ಇಲ್ಲದ ಕಂಬದ ಮರೆ ಹುಡುಕಿದೆ.

"ಅವತ್ತು ಆ ಕಂಪ್ಯೂಟರ್ ಕೆಡಿಸಿದ್ದು ನಾನೇ ಕಣಮ್ಮ," ಅಂದೆ.

"ಗೊತ್ತು ಸಾ. ಗ್ರಾಫ್ ಬರಕಿಲ್ಲ ಅಂತ ಅದ್ರಲ್ಲಿ ಯಾರೂ ಕೂರ್ತಿರ್ನಿಲ್ಲ, ಇರದೇ ಹನ್ನೆರಡು ಅಂತ ಪರೀಕ್ಷೆಗೆ ಅದ್ನೂ ಇಟ್ಟಿದ್ರು. ಸೀನಿಯರ್ಸೆಲ್ಲ ಅದ್ನ ನಿಮ್ಮೆಸ್ರಲ್ಲೇ ಕರೀತಿದ್ರು. ಮೇಡಂಗೂ ಗೊತ್ತು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಇದೇನು ಇಷ್ಟೂ ತಿಳಿಯದೆ ಎಂಬಂತೆ ನೋಡಿದಳು. "ಎಕ್ಸಾಮಿನರ್ ನೀವೇ ಅಲ್ವಾ ಸಾ."

ಲ್ಯಾಬಿನ ಬಾಗಿಲು ತೆರೆದಿತ್ತು. ಮೇಡಂ ಚೀಟಿ ಮಡಿಸುತ್ತಿದ್ದರು, ಅವಳ ಸಹಪಾಠಿಗಳು ಕೆಲವರು ಒಳಗೇ ಇದ್ದರು. ಹೋಗಿ ಫ್ಯಾನಿನ ಕೆಳಗೆ ನಿಂತು ಹೇಳಿದೆ. ಬೈದಷ್ಟೇ ಜೋರಾಗಿ ಹೇಳಬೇಕೆಂದುಕೊಂಡಿದ್ದೆ, ದನಿ ಏಳಲಿಲ್ಲ.

"ಕೇಳಿಸ್ನಿಲ್ಲ ಸಾ," ಎಂದಿತು ಕೊನೆಯ ಸಾಲು.

ಮತ್ತೊಮ್ಮೆ ಹೇಳಿದೆ.