ಗೊಲ್ಲಾಳಪ್ಪನ ಟೊಳ್ಳು ಕಂಬ

ವಿಜಾಪುರದ ಗೊಲ್ಲಾಳಪ್ಪನಿಗೆ ಎಲ್ಲವೂ ದಪ್ಪಗೆ ಕಾಣಬೇಕು. ಬೆರಳಿನ ಉಂಗುರ ದಪ್ಪ, ಮಾತಂತೂ ಇನ್ನೂ ದಪ್ಪ. ಗೇಟು, ಕಿಟಕಿ ಮಾಡಿಕೊಂಡಿದ್ದವನು ಎಪ್ಪತ್ನಾಲ್ಕನೇ ಇಸವಿಯ ಸುಮಾರಿಗೆ ತನ್ನಷ್ಟಕ್ಕೆ ತಾನೇ ಇಂಜಿನಿಯರನಾದ. ಯಾರೂ ಕೇಳಿಕೊಂಡಿರಲಿಲ್ಲ.

ಆಗ ನಾನು ತಿಕೋಟಾದಲ್ಲಿ ಮಾಸ್ತರ, ರಾಚವ್ವನ ಖಾನಾವಳಿಯಲ್ಲಿ ಊಟ. ರೊಟ್ಟಿ ಬಡಿದು ಬಾಳು ಕಟ್ಟಿಕೊಂಡಿದ್ದ ಆ ಒಂಟಿ ಹೆಂಗಸು ಮೇಲೊಂದು ಮಾಳಿಗೆ ಹಾಕಿಸಲು ಹೊರಟಳು. ಕೆಳಗೆ ಜನ ಉಣ್ಣುತ್ತಿರುತ್ತಾರೆ, ಕಂಬ ಗಟ್ಟಿ ಇರಲಿ ಎಂಬುದೊಂದೇ ಅವಳ ಮಾತು. ಕೆಲಸ ಹಿಡಿದ ಗೊಲ್ಲಾಳಪ್ಪ ನಾಲ್ಕು ಕಂಬ ಮಾಡಿ ತಂದಿಳಿಸಿದ. ತೆಳ್ಳನೆಯ ಉಕ್ಕಿನ ಹಾಳೆಗಳನ್ನು ಡಬ್ಬಿಯ ಹಾಗೆ ಚೌಕಾಗಿ ವೆಲ್ಡಿಂಗ್ ಮಾಡಿದ್ದ, ಒಳಗೆ ಬರೀ ಟೊಳ್ಳು. ಅಷ್ಟು ಅಗಲದ ಕಂಬಕ್ಕೆ ಹಾಳೆ ದಪ್ಪ ಬೇಕು, ಇಲ್ಲವೇ ಒಳಗೆ ಪಟ್ಟಿ ಬೆಸೆಯಬೇಕು, ಇಲ್ಲದಿದ್ದರೆ ಭಾರಕ್ಕೆ ಬದಿಗಳು ಸೊಟ್ಟಗಾಗುತ್ತವೆ ಎಂದು ಇಂಜಿನಿಯರರೊಬ್ಬರು ಅವನಿಗೆ ಹೇಳಿದ್ದರಂತೆ.

"ಪ್ಯಾಂಟ್ ಹಾಕ್ಕೊಂಡವ್ರಿಗೆ ಕಬ್ಬಣಾ ಏನ ಗೊತ್ತೈತ್ರಿ?" ಎಂದು ನಮ್ಮೆದುರಿಗೇ ನಕ್ಕ.

ರಾಚವ್ವನ ಅನುಮಾನ ಕಳೆಯಲು ಸಾರವಾಡದಿಂದ ಟ್ರ್ಯಾಕ್ಟರ್ ತರಿಸಿದ. ಒಂದು ಕಂಬದ ಒಂದು ತುದಿಯನ್ನು ಬೇವಿನ ಮರಕ್ಕೂ ಇನ್ನೊಂದನ್ನು ಟ್ರ್ಯಾಕ್ಟರಿಗೂ ಸರಪಳಿಯಿಂದ ಬಿಗಿದು ಎಳೆಸಿದ. ಗಾಲಿಗಳು ಮಣ್ಣಿನಲ್ಲಿ ಹೂತವೇ ಹೊರತು ಕಂಬಕ್ಕೆ ಏನೂ ಆಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಜಗ್ಗಿದರೆ ಹರಿಯದ್ದು ಒತ್ತಿದರೂ ಮುದುಡುವುದಿಲ್ಲ ಎಂದು ಈ ಮಹಾಶಯನ ಲೆಕ್ಕ. ಮಾಳಿಗೆ ಕಂಬವನ್ನು ಜಗ್ಗುವುದಿಲ್ಲ, ಅದರ ತಲೆಯ ಮೇಲೆ ಕೂರುತ್ತದೆ ಎಂಬಷ್ಟೂ ಬುದ್ಧಿ ಆ ತಲೆಯಲ್ಲಿರಲಿಲ್ಲ.

ಕಂಬ ನಿಲ್ಲಿಸಿಯಾಯಿತು. ಮಾಳಿಗೆಗೆ ಫರಸಿ ಕಲ್ಲು ಹಾಸುವ ದಿನ ಹೆಂಡತಿ ಗುರುಬಾಯಿಗೆ ಇಳಕಲ್ ಸೀರೆ ಉಡಿಸಿ ಕರೆತಂದಿದ್ದ, ಗಂಡನ ಪರಾಕ್ರಮ ನೋಡಲಿ ಎಂದು. ಕೊನೆಯ ಕಲ್ಲುಗಳು ಏರುತ್ತಿದ್ದಂತೆ ಮೂಲೆಯ ಕಂಬದ ಒಂದು ಬದಿ ಒಳಕ್ಕೆ ತಗ್ಗಾಯಿತು, ಅದರ ಪಕ್ಕದ್ದು ಹೊರಗೆ ಉಬ್ಬಿತು. ಬಣ್ಣ ಚಕ್ಕೆಯೆದ್ದು ಉದುರಿತು. ಕಲ್ಲು ಹೊರುತ್ತಿದ್ದವರು ಇಳಿದು ಬೀದಿಗೆ ಓಡಿದರು.

"ಬಿಸಲಿಗೆ ಉಬ್ಬೈತಿ, ಸಂಜಿಕ ಇಳೀತೈತಿ" ಎಂದ ನಾಚಿಕೆಗೆಟ್ಟವನು.

ರಾಚವ್ವ ಬೈಯಲಿಲ್ಲ. ಒಂದು ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಬಡಿಸಿ ಅದೇ ಕಂಬದ ಬುಡದಲ್ಲಿ ಇಟ್ಟಳು. "ಹಂಗಾದ್ರ ಇಲ್ಲೇ ಕುಂತು ಉಣ್ರಿ, ಸಾವ್ಕಾರ್ರ."

ಗೊಲ್ಲಾಳಪ್ಪ ಮೇಲೆ ನೋಡಿದ. ಗಂಟಲು ಸರಿಮಾಡಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀ ಮದಲ ಕುಂಡ್ರ ಬೇ. ಮುಂಜಾನಿಂದ ಏನೂ ತಿಂದಿಲ್ಲ" ಎಂದ.

ಥೂ! ಅಂಥ ಮಾತು ಆಡಿದ ಬಾಯಿಯನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ಗುರುಬಾಯಿ ಕಂಬ ನೋಡಿದಳು, ಗಂಡನನ್ನು ನೋಡಿದಳು. ತಾಟು ಎತ್ತಿಕೊಂಡು ಹೊರಗೆ ಬಂದು, ಕಲ್ಲು ಹೊತ್ತವರ ನಡುವೆ ಕುಳಿತು ನಿಧಾನಕ್ಕೆ ಉಂಡಳು. ಕೈ ತೊಳೆದುಕೊಂಡು ರಾಚವ್ವನಿಗೆ, "ಕಲ್ಲ ಇಳಸ್ರಿ ಅಕ್ಕಾರ. ಆ ಕಂಬದ ಕೆಳಗ ಯಾರನೂ ಕುಂಡರ್ಸಬ್ಯಾಡ್ರಿ" ಎಂದಳು.

ವಿಜಾಪುರದ ಬಸ್ಸು ಬಂತು. ಆಕೆ ಹತ್ತಿದಳು. ಬೀದಿಯಲ್ಲೇ ನಿಂತಿದ್ದ ಗೊಲ್ಲಾಳಪ್ಪನನ್ನು ತೋರಿಸಿ ಕಂಡಕ್ಟರ್, "ಅವ್ರು ನಿಮ್ಮ ಕೂಡ ಅದಾರೇನ್ರಿ?" ಎಂದು ಕೇಳಿದ.

"ಇಲ್ರಿ. ನಾ ಒಬ್ಬಾಕಿನ" ಎಂದಳು ಗುರುಬಾಯಿ.