ಬಚ್ಚಲಿ ಕೂರ

ಮಣ್ಣಿನ ಬಟ್ಟಲಿನ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಬಂತು. ಬೆಂದ ತೊಗರಿಬೇಳೆ, ಬೆಳ್ಳುಳ್ಳಿ ಒಗ್ಗರಣೆ, ಅದರ ಅಡಿಯಲ್ಲೆಲ್ಲೋ ಸೊಪ್ಪಿನ ಲೋಳೆಯ ಹಸಿ ಘಾಟು. ಮೂಗು ಮುಚ್ಚಿಕೊಂಡೆ. ಇಪ್ಪತ್ತೈದು ವರ್ಷಗಳ ಹಿಂದೆ ವಿಜಯವಾಡದಲ್ಲಿ ಮುಚ್ಚಿಕೊಂಡ ಹಾಗೆಯೇ.

ವಿಶಾಖಪಟ್ಟಣದ ಬೀಚ್ ರೋಡಿನ ಹಿಂಬದಿಯಲ್ಲಿ ಹೊಸದಾಗಿ ತೆರೆದ ಹೋಟೆಲದು. ಮಗಳು ಹಟಮಾಡಿ ಕರೆದುಕೊಂಡು ಹೋಗಿದ್ದಳು. ಫಾರ್ಮ್ ಟು ಟೇಬಲ್ ಅಂತೆ, ತೋಟದಿಂದ ನೇರ ತಟ್ಟೆಗೆ. ತಟ್ಟೆ ಎಲ್ಲಿತ್ತು, ಮರದ ಹಲಗೆ ಇಟ್ಟಿದ್ದರು. ಹಲಗೆಯ ಮೇಲೆ ಅಣಬೆ ಹುರಿದು ಪುಡಿಮಾಡಿದ ಕಪ್ಪು ಮಣ್ಣು ಉದುರಿಸಿದ್ದರು, ಅದನ್ನೂ ತಿನ್ನಬೇಕಂತೆ. ಮಣ್ಣು ತಿಂದ ಮಕ್ಕಳ ಬಾಯಿಗೆ ಬೆರಳು ಹಾಕಿ ತೆಗೆದು ಬೆಳೆಸಿದವಳು ನಾನು. ನೋಡಿಯೇ ಅಸಹ್ಯವಾಯಿತು. ಬಡಿಸುವವನು ಪಕ್ಕದಲ್ಲಿ ನಿಂತು ತೆಲುಗಿನಲ್ಲಿ ಪಾಠ ಒಪ್ಪಿಸಿದ. ಈ ಬಚ್ಚಲಿ ಕೂರ ಇಂದು ಬೆಳಿಗ್ಗೆ ಕಿತ್ತದ್ದು, ಊರಾಚೆ ತಮ್ಮದೇ ಶೆಡ್ಡಿನಲ್ಲಿ ಮಣ್ಣಿಲ್ಲದೆ ಫಿಲ್ಟರ್ ನೀರಿನಲ್ಲೇ ಬೆಳೆದದ್ದು, ಕೊಳಚೆ ನೀರಿನ ಒಂದು ಹನಿಯೂ ತಾಗಿಲ್ಲ ಮೇಡಂ, ಎಂದ. ಮಣ್ಣಿಲ್ಲದೆ ಬೆಳೆದ ಸೊಪ್ಪಿನ ಪಕ್ಕ ಸುಳ್ಳು ಮಣ್ಣು. ಮಗಳು ಅದರ ಫೋಟೊ ತೆಗೆಯುತ್ತಿದ್ದಳು.

ಕೊಳಚೆ ನೀರು ಅಂದನಲ್ಲ, ಪಿನ್ನಿ ನೆನಪಾದರು…

ಮದುವೆಯಾಗಿ ಕುಮಟಾದಿಂದ ವಿಜಯವಾಡಕ್ಕೆ ಹೋದಾಗ ನನಗೆ ತೆಲುಗಿನ ಗಂಧವೂ ಇರಲಿಲ್ಲ. ನಮ್ಮದು ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆಯ ಒಡತಿ. ಪಿನ್ನಿ ಅನ್ನು, ಚಿಕ್ಕಮ್ಮ ಇದ್ದ ಹಾಗೆ, ಎಂದು ಮೊದಲ ದಿನವೇ ಅವರೇ ಹೇಳಿಕೊಟ್ಟರು. ಅವರ ಗಂಡನಿಗೆ ಇಬ್ರಾಹಿಂಪಟ್ನಂನ ಕರೆಂಟ್ ಸ್ಥಾವರದಲ್ಲಿ ಪಾಳಿ ಕೆಲಸ. ಪಿನ್ನಿಗೆ ಹೊತ್ತು ಹೋಗಬೇಕಲ್ಲ, ನನ್ನನ್ನು ಹಿಡಿದುಕೊಂಡರು. ನನಗೆ ಭಾಷೆ ಬರುವುದಿಲ್ಲ ಎಂದರೆ ಕಿವಿ ಕೇಳುವುದಿಲ್ಲ ಎಂದು ತಿಳಿದವರ ಹಾಗೆ, ಒಂದೊಂದೇ ಪದವನ್ನು ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳುತ್ತಿದ್ದರು.

ನಾನು ಬಸುರಿಯಾದೆ. ಅದು ವಿಜಯವಾಡದ ಬೇಸಿಗೆ, ಗೋಡೆ ಮುಟ್ಟಿದರೂ ಕೈ ಚುರ್ರೆನ್ನುತ್ತಿತ್ತು. ಪಿನ್ನಿ ಒಂದು ಸ್ಟೀಲ್ ಡಬ್ಬಿಯಲ್ಲಿ ಬೇಳೆಯ ತೊವ್ವೆ ತಂದರು. ಮೈಗೆ ತಂಪು, ಮಗುವಿಗೂ ಒಳ್ಳೆಯದು, ಎಂದರು. ಏನು ಸೊಪ್ಪು ಪಿನ್ನಿ ಎಂದು ಕೇಳಿದೆ.

"ಬಚ್ಚಲಿ ಕೂರ," ಎಂದರು. ಎರಡು ಸಲ ಕೂಗಿ ಹೇಳಿದರು.

ಕೂರ ಅಂದರೆ ಸೊಪ್ಪು, ಅಷ್ಟು ಗೊತ್ತಿತ್ತು. ಬಚ್ಚಲಿ ಮಾತ್ರ ನನಗೆ ಕೇಳಿದ್ದು ಬಚ್ಚಲು. ಸ್ನಾನದ ಬಚ್ಚಲು. ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಹಿಂದಿನ ಕಿಟಕಿಯಿಂದ ಬಗ್ಗಿ ನೋಡಿದೆ. ಕೇಳಿಸಿಕೊಂಡದ್ದು ಸರಿಯಾಗಿಯೇ ಇತ್ತು. ಪಿನ್ನಿಯ ಬಚ್ಚಲ ನೀರು ಹರಿದು ನಿಲ್ಲುವ ಜಾಗದಲ್ಲಿ, ಸೋಪಿನ ನೊರೆಯ ಪಕ್ಕ, ಕಾಂಪೌಂಡಿಗೆ ಒಂದು ಬಳ್ಳಿ ಹಬ್ಬಿತ್ತು. ನೊರೆಯಲ್ಲಿ ಉದುರಿದ ಕೂದಲ ಉಂಡೆ ತೇಲುತ್ತಿತ್ತು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದರೆ ಇಲ್ಲದ ಕೂದಲೇ ಕಣ್ಣಿಗೆ ಕಾಣುತ್ತಿತ್ತು. ಮೊದಲೇ ವಾಂತಿಯ ದಿನಗಳು. ಬಚ್ಚಲಿಂದ ಬಂದದ್ದು ಬಚ್ಚಲಿಗೇ ಹೋಗಲಿ ಎಂದು ನಮ್ಮ ಸ್ನಾನದ ಮನೆಯ ತೂಬಿಗೆ ಸುರಿದು, ಮೇಲಿಂದ ಎರಡು ಚೆಂಬು ನೀರು ಹೊಯ್ದೆ.

ಹೇಗಿತ್ತು ಎಂದು ಪಿನ್ನಿ ಕೇಳಿದರು. ನನಗೆ ಆಗ ಚೆನ್ನಾಗಿ ಬರುತ್ತಿದ್ದ ತೆಲುಗು ಒಂದೇ ಮಾತು, ಬಾಗುಂದಿ. ಚೆನ್ನಾಗಿದೆ. ಪಿನ್ನಿ ಅದನ್ನು ನಂಬಿದರು. ವಾರಕ್ಕೆ ಎರಡು ಸಲ ಡಬ್ಬಿ ಬರತೊಡಗಿತು. ನಾನು ಸುರಿಯುತ್ತ ಹೋದೆ. ಬಳ್ಳಿ ಬೋಳಾಗುತ್ತ ಬಂತು. ತಮಗೂ ಗಂಡನಿಗೂ ಉಳಿಸಿಕೊಳ್ಳದೆ ಎಲ್ಲ ನನಗೇ ಕೀಳುತ್ತಿದ್ದರು ಅಂತ ಕಾಣುತ್ತದೆ…

ನಮ್ಮ ಸ್ನಾನದ ಮನೆಯ ಪೈಪು ಎಲ್ಲಿಗೆ ಇಳಿಯುತ್ತದೆ ಎಂದು ಮಾತ್ರ ನಾನು ಒಂದು ದಿನವೂ ಯೋಚಿಸಲಿಲ್ಲ.

ಒಂದು ಬೆಳಿಗ್ಗೆ ಹಿಂದೆ ಕರ ಕರ ಸದ್ದು ಕೇಳಿ ಕಿಟಕಿಗೆ ಬಂದೆ. ಮಹಡಿಯ ಪೈಪಿನ ಬಾಯಿ ಕಟ್ಟಿಕೊಂಡಿತ್ತು. ಪಿನ್ನಿ ಸೀರೆ ಎತ್ತಿಕಟ್ಟಿ, ಬಳ್ಳಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕೋಲು ಹಾಕಿ ಕೆದಕುತ್ತಿದ್ದರು. ಒಳಗಿಂದ ಹಳದಿ ಬೇಳೆ, ಕೊಳೆತ ಸೊಪ್ಪು, ಇಡೀ ಇಡೀ ಒಣಮೆಣಸು ಬಂದವು. ನಾತ ಮಹಡಿಯವರೆಗೂ ಬಂತು. ಅವರು ಆ ರಾಡಿಯನ್ನು ಬರಿಗೈಯಲ್ಲಿ ಬಾಚಿ ಬಕೆಟ್ಟಿಗೆ ಹಾಕುತ್ತಿದ್ದರು. ಒಂದು ಮೆಣಸನ್ನು ಎತ್ತಿ ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ನಚ್ಚಲೇದಾ ಅಮ್ಮಾ?"

ಹಿಡಿಸಲಿಲ್ಲವಾ, ಎಂದು. ಅದೊಂದನ್ನು ಮಾತ್ರ ಕೂಗದೆ ಮೆಲ್ಲಗೆ ಕೇಳಿದರು.

"ಬಾಗುಂದಿ ಪಿನ್ನಿ," ಎಂದೆ. ಕಿಟಕಿ ಮುಚ್ಚಿದೆ.

ಆ ವಾರವೂ ಡಬ್ಬಿ ಬಂತು. ಒಳಗೆ ಆಲೂಗಡ್ಡೆ ಪಲ್ಯ. ಮಗಳು ಹುಟ್ಟುವವರೆಗೂ ಅವರು ಏನಾದರೊಂದು ಕಳಿಸುತ್ತಲೇ ಇದ್ದರು, ಬಚ್ಚಲಿಯನ್ನು ಮಾತ್ರ ಇನ್ನೆಂದೂ ಕಳಿಸಲಿಲ್ಲ. ಮಗಳಿಗೆ ವರ್ಷ ತುಂಬುವ ಮೊದಲೇ ನಮಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು.

ಇಲ್ಲಿ ಒಂದು ದಿನ ಬಾಗಿಲಿಗೆ ಬಂದ ಸೊಪ್ಪಿನವಳು ಬುಟ್ಟಿ ಇಳಿಸಿ, ಬಚ್ಚಲಿ ತಗೋ ಅಮ್ಮಾ ಎಂದಳು. ಬೇಡ ಎನ್ನುವಷ್ಟರಲ್ಲಿ ಅವಳ ಕೈಯ ಕಟ್ಟು ಕಂಡಿತು. ದಪ್ಪ ಎಲೆ, ಎಳೆ ದಂಟು. ಅದು ಬಸಳೆ. ನಮ್ಮ ಬಸಳೆ. ಅಮ್ಮ ತೆಂಗಿನಕಾಯಿ ಅರೆದು ಹುಳಿ ಮಾಡಿದರೆ ನಾನು ಬೇರೇನೂ ಮುಟ್ಟದೆ ಉಣ್ಣುತ್ತಿದ್ದ ಸೊಪ್ಪು. ಕುಮಟಾದ ಮನೆಯಲ್ಲಿ ಬಸಳೆ ಚಪ್ಪರ ಇದ್ದದ್ದೂ ಬಚ್ಚಲ ಹಿಂದೆಯೇ, ಆ ಬಳ್ಳಿ ಕುಡಿದದ್ದೂ ನಾವು ಮಿಂದ ನೀರನ್ನೇ. ಪಿನ್ನಿಯ ಬಳ್ಳಿಯನ್ನು ಕಿಟಕಿಯಿಂದ ಬಗ್ಗಿ ನೋಡಿದವಳಿಗೆ ಗುರುತು ಸಿಗಲಿಲ್ಲವೇ ಎಂದರೆ, ಇಲ್ಲ. ಮೂಗು ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಎಲೆಯನ್ನು ನಾನು ನೋಡಲೇ ಇಲ್ಲ. ಅವತ್ತು ನನ್ನ ಮೇಲೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ವರ್ಷಗಳಾದ ಮೇಲೆ ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟಕ್ಕೆ ಹೋದಾಗ, ದುರ್ಗಮ್ಮನ ದರ್ಶನ ಮುಗಿಸಿ ಆ ಬೀದಿಗೆ ಹೋದೆ. ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ಪಿನ್ನಿ ತೀರಿಕೊಂಡು ಎಷ್ಟೋ ಕಾಲವಾಯಿತು ಎಂದು ಎದುರಿನ ಇಸ್ತ್ರಿ ಅಂಗಡಿಯವರು ಹೇಳಿದರು. ಕಾಂಪೌಂಡಿನ ಬುಡದವರೆಗೂ ಸಿಮೆಂಟು ಬಳಿದಿದ್ದರು…

ಬಟ್ಟಲು ನನ್ನ ಮುಂದೆ ಆರಿ ಹೋಗಿತ್ತು. ತಿನ್ನು ಅಮ್ಮಾ, ಪೂರ್ತಿ ಲೋಕಲ್, ಎಂದಳು ಮಗಳು. ಪಿನ್ನಿಯ ಕೈಯದನ್ನು ತೂಬಿಗೆ ಸುರಿದವಳು ಈ ಫಿಲ್ಟರ್ ನೀರಿನದನ್ನು ಹೇಗೆ ಬಾಯಿಗಿಡಲಿ. ಬಡಿಸುವವನು ಬಂದು ತುಂಬಿದ ಬಟ್ಟಲನ್ನೂ ನನ್ನ ಮುಖವನ್ನೂ ನೋಡಿದ.

"ನಚ್ಚಲೇದಾ ಮೇಡಂ?"

ಬಾಗುಂದಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ತಿನಲೇದು," ಎಂದೆ. ನಾನು ತಿನ್ನಲೇ ಇಲ್ಲ. ಅವತ್ತು ಕಿಟಕಿಯಲ್ಲಿ ನಿಂತು ಹೇಳಬೇಕಾಗಿದ್ದದ್ದೂ ಇಷ್ಟೇ.